ಬ್ಲೀಚ್ ಕಾಣದ ಮನೆ

ಬೆಳಗ್ಗೆ ಆರು ಗಂಟೆಗೆ ನಮ್ಮ ಊರಿನ ಬೀದಿಯಲ್ಲಿ ನಿಂತರೆ ಕಣ್ಣು ಉರಿದು ನೀರು ಸುರಿಯುತ್ತದೆ. ಅಷ್ಟು ಹೊತ್ತಿಗೆ ಮನೆಮನೆಯಲ್ಲೂ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸುತ್ತಿರುತ್ತಾರೆ. ಯಾಕ್ರೀ ಇದೆಲ್ಲ ಅಂತ ಕೇಳಿ ನೋಡಿ. "ಕ್ರಿಮಿ ಸಾಯಬೇಕಲ್ಲ ತುಂಗಮ್ಮ, ಮನೆ ಅಂದಮೇಲೆ ಶುದ್ಧವಾಗಿರಬೇಕಲ್ಲ" ಅನ್ನುತ್ತಾರೆ. ಈ ಉತ್ತರವನ್ನು ಅವರು ಯಾವಾಗಲೂ ಹೊಸ್ತಿಲಿನ ಆಚೆ, ಬೀದಿಯ ಮಣ್ಣಿನ ಮೇಲೆ ನಿಂತು ಕೊಡುತ್ತಾರೆ. ಒಳಗೆ ನಿಂತು ಕೊಟ್ಟರೆ ಕಾಲ ಕೆಳಗೆ ಇನ್ನೊಂದು ಕಲೆ ಏಳುತ್ತದೆ, ಅದನ್ನು ತಿಕ್ಕಲು ಇನ್ನೊಂದು ಹಿಡಿ ಪೌಡರ್ ಬೇಕಾಗುತ್ತದೆ.

ನಮ್ಮಲ್ಲಿ ಸೂರಿನ ಕೆಳಗೆ ಸುಳ್ಳು ಹೇಳಿದರೆ ನೆಲಕ್ಕೆ ಕಲೆ ಬೀಳುತ್ತದೆ. ಹೇಳಿದವರು ನಿಂತಲ್ಲೋ ಕೂತಲ್ಲೋ, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ, ಎಣ್ಣೆ ಇಂಗಿದ ಹಾಗೆ ಕಪ್ಪಗೆ ಮೂಡುತ್ತದೆ. ಸಣ್ಣ ಸುಳ್ಳಿಗೆ ತುಳಸಿ ಎಲೆಯಷ್ಟು, ದೊಡ್ಡದಕ್ಕೆ ಮೊರದಗಲ. ತಿಳಿಯದೆ ತಪ್ಪು ಹೇಳಿದರೆ ಬೀಳುವುದಿಲ್ಲ, ಹೇಳುವವರಿಗೆ ಒಳಗೆಲ್ಲೋ ಅದು ಸುಳ್ಳೆಂದು ಗೊತ್ತಿರಬೇಕು. ಅದಕ್ಕೇ ನಮ್ಮೂರಲ್ಲಿ ಮದುವೆ ಮಾತುಕತೆ, ದನದ ವ್ಯಾಪಾರ, ಗಂಡಸರ ಶೌರ್ಯದ ಕಥೆ ಎಲ್ಲ ನಡೆಯುವುದು ಬೀದಿಯಲ್ಲೇ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಮಾತು ಮುಂದುವರಿಸುತ್ತಾರೆ, ಒಳಗೆ ಬನ್ನಿ ಅಂತ ಯಾರೂ ಯಾರನ್ನೂ ಕರೆಯುವುದಿಲ್ಲ. ಇನ್ನು ಮನೆಯೊಳಗೆ ಗಂಡ ಹೆಂಡತಿ ಮಾತಾಡುವುದನ್ನು ಕೇಳಬೇಕು ನೀವು. "ಎಲ್ಲಿಗೆ ಹೋಗಿದ್ರಿ?" "ಹೋಗಿದ್ದೆ." "ಯಾರ ಜೊತೆ?" "ಇದ್ರು." ಇಷ್ಟೇ ಸಂಸಾರ.

ಆ ಕಲೆಯಾದರೂ ಎಂಥದ್ದು? ನಾರುವುದಿಲ್ಲ, ಕಾಲಿಗೆ ಅಂಟುವುದಿಲ್ಲ, ಇರುವೆ ಮುತ್ತುವುದಿಲ್ಲ. ಅದರ ಮೇಲೆ ಓಡಾಡಿಕೊಂಡಿದ್ದರೆ ವರ್ಷದೊಳಗೆ ತಾನಾಗಿಯೇ ಸವೆದು ಹೋಗುತ್ತದೆ. ಆದರೆ ಅಷ್ಟು ದಿನ ಕಾಯುವ ಎದೆ ಯಾರಿಗಿದೆ? ಬ್ಲೀಚ್ ಸುರಿದು ತಿಕ್ಕಿದರೆ ಅರ್ಧ ಗಂಟೆಯಲ್ಲಿ ಮಾಯ. ಕಲೆಯ ಜೊತೆಗೆ ನೆಲದ ಬಣ್ಣವೂ ಮಾಯ. ನಮ್ಮ ಅಪ್ಪ ಈ ಊರಿನ ಅರ್ಧ ಮನೆಗಳಿಗೆ ರೆಡ್ ಆಕ್ಸೈಡ್ ನೆಲ ಹಾಕಿದ್ದ. ಗುಂಡುಕಲ್ಲಿನಲ್ಲಿ ದಿನಗಟ್ಟಲೆ ಉಜ್ಜಿ, ಕೊಬ್ಬರಿ ಎಣ್ಣೆ ಕುಡಿಸಿ, ಮುಖ ನೋಡಿಕೊಳ್ಳುವಷ್ಟು ಹೊಳಪು ತರುತ್ತಿದ್ದ. ಆ ನೆಲಗಳೆಲ್ಲ ಈಗ ಸುಣ್ಣ ಚೆಲ್ಲಿದ ಹಾಗೆ ಬಿಳಿಚಿಕೊಂಡಿವೆ. ನಾಚಿಕೆಪಡುವುದು ಬಿಟ್ಟು ಇವರು ಅದನ್ನೇ ದೊಡ್ಡಸ್ತಿಕೆ ಮಾಡಿಕೊಂಡರು. ನೆಲ ಎಷ್ಟು ಬಿಳಿಯೋ ಮನೆ ಅಷ್ಟು ಒಳ್ಳೆಯದಂತೆ. ಎಷ್ಟು ಬಿಳಿಯೋ ಅಷ್ಟು ಸುಳ್ಳು ಹೇಳಿದ್ದೀರಿ ಕಣ್ರಯ್ಯಾ ಅಂತ ನಾನು ಹೇಳಿದರೆ, ತುಂಗಮ್ಮನ ಬಾಯಿ ಕೆಟ್ಟದ್ದು ಅನ್ನುತ್ತಾರೆ.

ನನ್ನ ಬಾಯಿ ಕೆಟ್ಟದ್ದೇ ಇರಬಹುದು, ಆದರೆ ಕಣ್ಣು ಕೆಟ್ಟದ್ದಲ್ಲ. ನಾನು ನೆಲ ನೋಡುವವಳು. ಹೆಣ್ಣು ಕೊಡುವವರು, ತರುವವರು, ದತ್ತು ತೆಗೆದುಕೊಳ್ಳುವವರು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಬರಿಗಾಲಲ್ಲಿ ಮನೆಯೊಳಗೆ ಒಂದು ಸುತ್ತು ನಡೆದು, ಹೆಬ್ಬೆರಳಿನಿಂದ ನೆಲ ಸವರಿದರೆ ಸಾಕು, ಎಲ್ಲಿ ಬ್ಲೀಚ್ ಬಿದ್ದಿದೆ, ಎಷ್ಟು ಸಲ ಬಿದ್ದಿದೆ, ಹೇಳಿಬಿಡುತ್ತೇನೆ. ಈ ವಿದ್ಯೆ ಅಪ್ಪನಿಂದ ಬಂತು. ನನ್ನನ್ನು ನೋಡಲು ಬಂದ ಗಂಡುಗಳ ಮನೆಯ ನೆಲವನ್ನೆಲ್ಲ ಅಪ್ಪ ಹೋಗಿ ಸವರಿ ಬಂದ. ಅದಕ್ಕೇ ನನಗೆ ಮದುವೆ ಆಗಲಿಲ್ಲ.

ಮೊನ್ನೆ ಮೊನ್ನೆ ಹೆಡ್‌ಮಾಸ್ಟರ್ ಅನಂತಯ್ಯನವರ ಮನೆಗೆ ನೆಲ ನೋಡಲು ಹೋಗಿದ್ದೆ. ರಿಟೈರ್ ಆದಮೇಲೆ ಊರಿನ ದೊಡ್ಡ ಮನುಷ್ಯರಲ್ಲಿ ಅವರೂ ಒಬ್ಬರು. ಅವರ ಹೆಂಡತಿ ಲೋಕಾಂಬಿಕೆ ಬಾಗಿಲಲ್ಲೇ ನಿಲ್ಲಿಸಿಕೊಂಡು, "ನಮ್ಮನೇಲಿ ದಿನಕ್ಕೆ ಎರಡು ಸಲ ಬ್ಲೀಚ್, ಒಂದು ಕ್ರಿಮಿ ಇಲ್ಲ ನೋಡಿ" ಅಂದಳು. ಒಳಗೆ ಹೋಗಿ ನೋಡಿದರೆ ನೆಲವೇನೋ ಹಾಲು. ಅಡುಗೆಮನೆಯ ಕೈ ಒರೆಸುವ ಬಟ್ಟೆ ಹಿಂಡಿದರೆ ಮೊನ್ನೆಯ ಸಾರು ಬರುವಂತಿತ್ತು. ಬಚ್ಚಲಿನ ತೂಬಿನಲ್ಲಿ ಕೂದಲು ಕಟ್ಟಿ ನೀರು ನಿಂತಿತ್ತು. ಕುಡಿಯುವ ನೀರಿನ ಹಂಡೆಯ ಒಳಗೆ ಪಾಚಿ. ಕ್ರಿಮಿಗಳೆಲ್ಲ ಅಲ್ಲಿ ಬಂಧುಬಳಗ ಸಮೇತ ಸುಖವಾಗಿದ್ದವು. ಮಾಸ್ಟರ ಆರಾಮಕುರ್ಚಿಯ ಕೆಳಗೆ ಮಾತ್ರ ನೆಲ ತಿಕ್ಕಿ ತಿಕ್ಕಿ ಗುಂಡಿ ಬಿದ್ದಿತ್ತು. "ಇಲ್ಲಿ ಕ್ರಿಮಿ ಜಾಸ್ತಿನಾ ಮಾಸ್ಟ್ರೇ?" ಅಂತ ಕೇಳಿದೆ. ಅವರು ತಕ್ಷಣ ಎದ್ದು ಬೀದಿಗೆ ಹೋದರು.

ನಮ್ಮ ಮನೆಯಲ್ಲಿ ಇಂಥ ಹುಚ್ಚಾಟವೆಲ್ಲ ಇಲ್ಲ. ನೆಲಕ್ಕೆ ಬಿಸಿನೀರು, ಅಂಟುವಾಳದ ನೊರೆ. ಜಿಡ್ಡಿಗೆ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ, ಮೇಲೊಂದು ಚಿಟಿಕೆ ಉಪ್ಪು. ಒರೆಸುವ ಬಟ್ಟೆಯನ್ನು ದಿನಾ ಕುದಿಸಿ ಬಿಸಿಲಿಗೆ ಹಾಕುವುದು, ಕಿಟಕಿ ತೆರೆದಿಡುವುದು. ಇಷ್ಟೇ. ಅಪ್ಪ ಹಾಕಿದ ನೆಲ ಇವತ್ತಿಗೂ ದಾಸವಾಳದ ಬಣ್ಣಕ್ಕಿದೆ. ಮನೆ ಶುಚಿಯಾಗಿಡಲು ಬ್ಲೀಚ್ ಯಾಕ್ರೀ ಬೇಕು, ಬಾಯಿ ಶುಚಿಯಾಗಿದ್ದರೆ ಸಾಕು ಅಂತ ನಾನು ಎಲ್ಲರ ಮನೆಯಲ್ಲೂ ಹೇಳಿ ಬರುತ್ತಿದ್ದೆ. ನಾನು ಕೂತ ಜಾಗದಲ್ಲಿ ಸಾಸಿವೆಯಷ್ಟು ಕಲೆ ತೋರಿಸಿ ಅಂತ ಸವಾಲು ಹಾಕುತ್ತಿದ್ದೆ. ವರ್ಷಕ್ಕೊಮ್ಮೆ ಊರಿನ ಮೂರು ಜನ ಬಂದು ನೆಲ ನೋಡುವವಳ ನೆಲವನ್ನೇ ನೋಡಿ ಹೋಗುವುದು ನಮ್ಮಲ್ಲಿ ಪದ್ಧತಿ. ನೆಲದಲ್ಲಿ ಕಲೆ ಸಿಕ್ಕಿದರೆ ಆ ಕೆಲಸ ಹೋದ ಹಾಗೆ. ನನ್ನದು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ತೀರಿಕೊಂಡ ನನ್ನ ತಮ್ಮನ ಹೆಂಡತಿ ವಾರಿಜ. ಇಪ್ಪತ್ತೆರಡನೆಯ ವಯಸ್ಸಿಗೆ ಈ ಮನೆಗೆ ಬಂದವಳು, ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡಳು. ಅಡುಗೆ, ಕಸ, ನೆಲ ಎಲ್ಲ ಅವಳದ್ದೇ. ನಾನು ಬೆಳಗ್ಗೆ ತಿಂಡಿ ತಿಂದು ಹೊರಟರೆ ಊರವರ ನೆಲ ಸವರಿ ಬರುವುದು ಸಂಜೆಗೆ. ಬಂದ ಮೇಲೆ ಜಗಲಿ ಕೆಳಗಿನ ಅಂಗಳದಲ್ಲಿ ಕೂರುತ್ತೇನೆ. ಮನೆಯೊಳಗೆ ನಾನು ಬಾಯಿ ಬಿಡುವುದು ಅಡುಗೆಮನೆಯಲ್ಲಿ ಊಟದ ಮಣೆಯ ಮೇಲೆ ಕೂತಾಗ ಮಾತ್ರ. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅಥವಾ ಹಾಗೆಂದುಕೊಂಡಿದ್ದೆ. "ಇದು ಉಪ್ಪಿಟ್ಟಾ, ಗೋಡೆಗೆ ಮೆತ್ತೋ ಗಾರೆನಾ?" "ಈ ಕಾಫಿ ಕುಡಿಯೋ ಬದ್ಲು ಆ ಅಂಟುವಾಳದ ನೀರೇ ಕುಡೀಬಹುದು." "ನಿನ್ನಂಥ ದಂಡಪಿಂಡ ಈ ಊರಲ್ಲೇ ಇಲ್ಲ." ವಾರಿಜ ಒಂದು ಮಾತೂ ಎದುರಾಡುತ್ತಿರಲಿಲ್ಲ. ಎಲ್ಲ ತಿಂದು ಮುಗಿಸಿ ನಾನು ಎದ್ದ ಮೇಲೆ ಮಣೆ ಎತ್ತಿ ಗೋಡೆಗೆ ಒರಗಿಸುತ್ತಿದ್ದಳು. ಮಣೆ ಹಾಕುವುದೂ ಅವಳೇ, ಎತ್ತುವುದೂ ಅವಳೇ, ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಮಣೆ ಹಾಕಿಯೇ ಇರುತ್ತಿತ್ತು.

ಎರಡು ವರ್ಷದಿಂದ ಅವಳಿಗೆ ಕೆಮ್ಮು. ಮೊದಲು ಬೆಳಗ್ಗೆ ಮಾತ್ರ ಇತ್ತು, ಆಮೇಲೆ ದಿನವಿಡೀ. ಈ ಚಳಿಗಾಲದಲ್ಲಿ ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಕೂರುವ ಹಾಗಾಯಿತು. ಡಾಕ್ಟರ್ ಮುಕುಂದಯ್ಯನವರ ಹತ್ತಿರ ಕರೆದುಕೊಂಡು ಹೋದೆ. ಅವರು ರೋಗಿಗಳಿಗೆ ಧೈರ್ಯ ಹೇಳುವುದು ಯಾವಾಗಲೂ ಕ್ಲಿನಿಕ್ಕಿನ ಹೊರಗೆ, ಬೇವಿನ ಮರದ ಕೆಳಗೆ. "ಏನಿಲ್ಲಮ್ಮ, ಹದಿನೈದು ದಿನದಲ್ಲಿ ಓಡಾಡ್ತೀರಿ" ಎಂದು ವಾರಿಜಳಿಗೂ ಅಲ್ಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ತುಂಗಮ್ಮ, ಸ್ವಲ್ಪ ಒಳಗೆ ಬನ್ನಿ" ಅಂದರು. ಮುಕುಂದಯ್ಯ ಒಳಗೆ ಕರೆದರೆ ನಿಜ ಹೇಳುತ್ತಾರೆ ಅಂತ ಊರಿಗೆಲ್ಲ ಗೊತ್ತು.

"ಬ್ಲೀಚ್ ಹೊಗೆಗೆ ಶ್ವಾಸಕೋಶ ಹೋಗಿದೆ. ಹೀಗೇ ಮುಂದುವರಿದ್ರೆ ಇನ್ನೊಂದು ಚಳಿಗಾಲ ಕಷ್ಟ. ನಿಲ್ಸಿದ್ರೆ ಬದುಕ್ತಾರೆ," ಅಂದರು.

"ನಮ್ಮನೆಗೆ ಬ್ಲೀಚ್ ಬಂದೇ ಇಲ್ಲ ಡಾಕ್ಟ್ರೇ!" ಅಂದೆ.

ಅವರು ನನ್ನ ಪಾದದ ಸುತ್ತ ನೆಲ ನೋಡುತ್ತಾ ಕೂತರು. ಕಾಫಿ ಕುಡಿಯುವಷ್ಟು ಹೊತ್ತು ಕಳೆಯಿತು, ನೆಲ ಹಾಗೇ ಇತ್ತು. "ಸರಿ, ನಿಮಗೆ ಗೊತ್ತಿಲ್ಲ ಅಂತಾಯ್ತು," ಅಂದರು. "ಹೋಗಿ ಅವರನ್ನೇ ಕೇಳಿ."

ಮನೆಗೆ ಬಂದ ಕೂಡಲೇ ಕೇಳಿದೆ. ವಾರಿಜ ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿದ್ದಳು. "ನೀನೇನಾದ್ರೂ ಬ್ಲೀಚ್ ಹಾಕ್ತಿದ್ದೀಯಾ?" "ಇಲ್ಲ ಅತ್ತಿಗೆ," ಅಂದಳು. ನಾನು ನೆಮ್ಮದಿಯಾಗಿ ಒಳಗೆ ಬಂದೆ. ಊರವರೆಲ್ಲ ಎಲ್ಲಿ ನಿಂತು ಮಾತಾಡುತ್ತಾರೆ ಅಂತ ಕಣ್ಣಿಟ್ಟು ನೋಡುವ ನಾನು, ನನ್ನ ಮನೆಯವಳು ಹಿತ್ತಿಲ ಮಣ್ಣಿನ ಮೇಲೆ ನಿಂತು ಉತ್ತರ ಕೊಟ್ಟದ್ದನ್ನು ಗಮನಿಸಲಿಲ್ಲ. ಅವಳ ಸೀರೆಯಿಂದ ಆಗಾಗ ಬ್ಲೀಚ್ ವಾಸನೆ ಬಂದಾಗಲೂ, ಅದು ಊರವರ ಮನೆಯಿಂದ ನಾನೇ ಹೊತ್ತು ತಂದ ವಾಸನೆ ಅಂದುಕೊಂಡಿದ್ದೆ. ನೆಲ ನೋಡುವವಳಂತೆ ನಾನು!

ಮೂರು ದಿನ ಬಿಟ್ಟು, ಬೆಳಗ್ಗೆ ತಿಂಡಿ ತಿಂದು ಹೊರಟವಳು ಕನ್ನಡಕ ಮರೆತೆ ಅಂತ ಅರ್ಧ ದಾರಿಯಿಂದ ವಾಪಸ್ ಬಂದೆ. ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಒಳಗೆ ವಾರಿಜ ಮಂಡಿಯೂರಿ ಕೂತು, ಬಾಯಿಗೆ ಬಟ್ಟೆ ಕಟ್ಟಿಕೊಂಡು ನೆಲ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಅವಲಕ್ಕಿ ಡಬ್ಬ ಬಾಯ್ತೆರೆದುಕೊಂಡಿತ್ತು, ಅದರ ತುಂಬ ಬ್ಲೀಚಿಂಗ್ ಪೌಡರ್. ನನ್ನ ಮಣೆ ಗೋಡೆಗೆ ಒರಗಿತ್ತು. ಮಣೆ ಇದ್ದ ಜಾಗದಲ್ಲಿ ಅಪ್ಪನ ಕೆಂಪು ನೆಲ ಬೆಳ್ಳಗಾಗಿತ್ತು, ಅದರ ನಡುವೆ ಮುತ್ತುಗದ ಎಲೆಯಷ್ಟು ಅಗಲದ ಹೊಸ ಕಲೆ.

ನನಗೆ ಸಿಟ್ಟು ನೆತ್ತಿಗೇರಿತು. ಬಕೆಟ್ಟನ್ನು ಎತ್ತಿ ಹಿತ್ತಿಲಿಗೆ ಸುರಿದೆ, ಕಿಟಕಿ ತೆರೆದೆ. "ಸಾಯ್ಬೇಕು ಅಂತಿದ್ದೀಯಾ? ಏನು ಮಹಾ ಸುಳ್ಳು ಹೇಳ್ದೆ ನೀನು, ಪ್ರಾಣ ಕೊಟ್ಟು ತಿಕ್ಕೋ ಅಂಥದ್ದು? ಅದೂ ನನ್ನ ಮಣೆ ಜಾಗದಲ್ಲಿ ಕೂತ್ಕೊಂಡು!"

ಅವಳು ಕೆಮ್ಮು ನಿಲ್ಲುವ ತನಕ ಕಾದಳು. "ನನ್ನದಲ್ಲ ಅತ್ತಿಗೆ. ನಿಮ್ಮದು."

"ನಂದಾ? ನಾನು ಸುಳ್ಳು ಹೇಳ್ತೀನಾ?"

"ಇವತ್ತು ಬೆಳಗ್ಗೆ ದೋಸೆ ತಿಂತಾ ಏನಂದ್ರಿ?"

ನೆನಪು ಮಾಡಿಕೊಂಡೆ. ಈ ದೋಸೆ ಚಪ್ಪಲಿಗೆ ಅಟ್ಟೆ ಹಾಕಿಸೋಕೆ ಲಾಯಕ್ಕು ಅಂದಿದ್ದೆ. ಆರು ದೋಸೆ ತಿಂದಿದ್ದೆ.

"ದಿನಾ ಬೀಳುತ್ತೆ," ಅಂದಳು ವಾರಿಜ. "ಉಪ್ಪಿಟ್ಟಿಗೆ ಚಿಕ್ಕದು, ಕಾಫಿಗೆ ಸ್ವಲ್ಪ ದೊಡ್ಡದು. ದಂಡಪಿಂಡ ಅಂದ ದಿನ ಮಣೆಯಿಂದ ಆಚೆಗೂ ಬರುತ್ತೆ. ಮೊದಮೊದಲು ನೀವು ಅಂದದ್ದಕ್ಕೆಲ್ಲ ಅಳ್ತಿದ್ದೆ ಅತ್ತಿಗೆ. ಆಮೇಲೆ ಮಣೆ ಎತ್ತಿ ನೋಡೋದು ಅಭ್ಯಾಸ ಆಯ್ತು. ನೋಡಿದ್ರೆ ಸಮಾಧಾನ ಆಗೋದು."

"ಹಾಗಾದ್ರೆ ತಿಕ್ಕಿದ್ಯಾಕೆ?"

"ಕಲೆ ಕಂಡ್ರೆ ನಿಮ್ಮ ಕೆಲಸ ಹೋಗುತ್ತಲ್ಲ. ಊರಲ್ಲೆಲ್ಲ ನನ್ನ ನೆಲ ನೋಡಿ ಅಂತ ಹೇಳ್ಕೊಂಡು ಬರ್ತೀರಿ, ನಾನು ಹೇಗೆ ಬಿಡ್ಲಿ?"

ಅವಳು ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ಅಕ್ಕಿಯ ದೊಡ್ಡ ಡಬ್ಬವನ್ನು ಸರಿಸಲು ನೋಡಿದಳು, ಆಗಲಿಲ್ಲ. ನಾನೇ ಸರಿಸಿದೆ. ಅದರ ಕೆಳಗೆ ಮೊರದಗಲದ ಕಲೆ, ನಿನ್ನೆ ಬಿದ್ದಷ್ಟು ಕಪ್ಪಗೆ. ಯಾರೂ ತುಳಿಯದೆ ಇದ್ದದ್ದಕ್ಕೆ ಒಂದಿಷ್ಟೂ ಸವೆದಿರಲಿಲ್ಲ.

"ಇದೊಂದನ್ನ ಮಾತ್ರ ತಿಕ್ಕಲಿಲ್ಲ," ಅಂದಳು. "ಇವರು ತೀರಿಕೊಂಡ ಮೇಲೆ ನಮ್ಮಪ್ಪ ಕರ್ಕೊಂಡು ಹೋಗೋಕೆ ಬಂದಿದ್ರಲ್ಲ, ಆವತ್ತಿಂದು. ಟ್ರಂಕು ಕಟ್ಟಿಟ್ಟಿದ್ದೆ. ನೀವು ಇಲ್ಲೇ ನಿಂತು, ಹೋಗೋದಾದ್ರೆ ಹೋಗು, ನೀನು ಹೋದ್ರೆ ನಂಗೇನೂ ನಷ್ಟ ಇಲ್ಲ ಅಂದು, ತಿರುಗಿ ನೋಡ್ದೆ ಕೆಲಸಕ್ಕೆ ಹೋದ್ರಿ. ನಾನು ಕಣ್ಣು ಒರೆಸ್ಕೊಂಡು ಹೊರಡೋಣ ಅಂತ ಬಗ್ಗಿದ್ರೆ ಇದು ಕಾಣ್ತು. ಅಪ್ಪನ್ನ ಒಬ್ಬರನ್ನೇ ವಾಪಸ್ ಕಳಿಸ್ದೆ."

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಸಂಜೆ ಮನೆಗೆ ಬಂದಾಗ ಅವಳು ಅಡುಗೆ ಮಾಡುತ್ತಿದ್ದದ್ದು ನನಗೆ ನೆನಪಿದೆ. ತವರಲ್ಲಿ ಕೂಳಿಗೆ ಗತಿಯಿಲ್ಲದೆ ಇಲ್ಲೇ ಉಳಿದಳು ಅಂತ ಬೀದಿಯಲ್ಲಿ ನಾನು ಎಷ್ಟೋ ಜನರ ಹತ್ತಿರ ಹೇಳಿದ್ದೆ. ಆ ಅವಲಕ್ಕಿ ಡಬ್ಬವನ್ನು ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರಿದು, ಡಬ್ಬವನ್ನೂ ಎಸೆದು ಬಂದೆ. ಅಲ್ಲೇ ನಿಂತು ಸ್ವಲ್ಪ ಹೊತ್ತು ಅತ್ತೆ.

ಆ ದಿನದಿಂದ ಮನೆಯೊಳಗೆ ಬಾಯಿ ಮುಚ್ಚಿಕೊಂಡಿರೋಣ ಅಂತ ತೀರ್ಮಾನಿಸಿದೆ. ಹೊಗಳಲು ಹೋದರೆ ನಾಲಿಗೆ ಏಳುವುದಿಲ್ಲ, ಬೈದರೆ ಕಲೆ ಬೀಳುತ್ತದೆ. ಹಾಗಾಗಿ ಸುಮ್ಮನೆ ತಿಂದು ಸುಮ್ಮನೆ ಎದ್ದೆ. ಒಂದು ವಾರ ನಡೆಯಿತು. ವಾರಿಜಳ ಕೆಮ್ಮು ಕೊಂಚ ತಗ್ಗಿತು, ಆದರೆ ಅವಳು ಊಟ ಬಿಟ್ಟಳು. ನಾನು ಎದ್ದ ಮೇಲೆ ಮಣೆ ಎತ್ತುವುದು, ಕೆಳಗೆ ನೋಡುವುದು, ಏನೂ ಇಲ್ಲದೆ ಗೋಡೆಗೆ ಒರಗಿಸುವುದು. ಎಂಟನೆಯ ದಿನ ಅನ್ನ ಬಡಿಸುತ್ತಾ, "ಏನಾದ್ರೂ ಅನ್ನಿ ಅತ್ತಿಗೆ," ಅಂದಳು. "ಏನನ್ನೋದು? ಹುಳಿ ಅಂತ ಮಾಡಿದ್ದೀಯಲ್ಲ, ಇದರಲ್ಲಿ ತೊಗರಿಬೇಳೆ ಹುಡುಕೋಕೆ ಪೊಲೀಸರನ್ನ ಕರೆಸ್ಬೇಕು," ಅಂದೆ. ಅವಳು ಆವತ್ತು ಎರಡು ಸಲ ಅನ್ನ ಹಾಕಿಕೊಂಡಳು.

ಹೀಗೆ ಬ್ಲೀಚ್ ಇಲ್ಲದೆ ಒಂದು ತಿಂಗಳು ಕಳೆಯುವಷ್ಟರಲ್ಲಿ ನನ್ನ ಮಣೆಯ ಸುತ್ತಲಿನ ನೆಲ ಬಾಣಲೆಯ ತಳದ ಹಾಗಾಯಿತು. ಅದೇ ಹೊತ್ತಿಗೆ ಊರಿನವರು ನೆಲ ನೋಡಲು ಬರುವ ದಿನವೂ ಬಂತು. ಹಿಂದಿನ ದಿನ ಅಂಗಡಿ ಕರಿಬಸಪ್ಪ ಬಂದು ಬೀದಿಯಲ್ಲಿ ನಿಂತ. ಊರಿಗೆಲ್ಲ ಬ್ಲೀಚ್ ಮಾರುವವನು ಅವನೇ. "ನಿಮ್ಮನೆಯಮ್ಮ ಈ ತಿಂಗಳು ಪೌಡರಿಗೆ ಬರಲೇ ಇಲ್ಲ ತುಂಗಕ್ಕ, ಹುಷಾರಿಲ್ವಾ? ನಾಳೆ ಬೇರೆ ನೆಲ ನೋಡೋಕೆ ಬರ್ತೀವಿ," ಅಂತ ಒಂದು ಪೊಟ್ಟಣ ಚಾಚಿದ. ನಾನು ಸವಾಲು ಹಾಕುತ್ತಿದ್ದಷ್ಟು ಕಾಲವೂ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಹಿಂದಿನಿಂದ ಎಷ್ಟು ನಕ್ಕಿದ್ದನೋ. ಪೊಟ್ಟಣ ತೆಗೆದುಕೊಂಡು ಹೋಗಿ ನಿನ್ನ ಬಾಯಿಗೆ ಹಾಕ್ಕೋ ಅಂದೆ. ಒಳಗೆ ಬಂದರೆ ವಾರಿಜ ಪೊರಕೆ ಹಿಡಿದು ನಿಂತಿದ್ದಳು. "ಒಂದೇ ಒಂದು ಸಲ ತಿಕ್ಕಿಬಿಡ್ತೀನಿ ಅತ್ತಿಗೆ, ಕಿಟಕಿ ತೆಗೆದಿಟ್ಕೊಂಡು." ಪೊರಕೆ ಕಿತ್ತುಕೊಂಡು ಅಟ್ಟಕ್ಕೆ ಎಸೆದೆ.

ಮಾರನೆಯ ದಿನ ಮಧ್ಯಾಹ್ನ ಅನಂತಯ್ಯ, ಲೋಕಾಂಬಿಕೆ, ಕರಿಬಸಪ್ಪ ಮೂವರೂ ಬಂದರು. ಹಜಾರ ನೋಡಿದರು, ಕೋಣೆ ನೋಡಿದರು, ತಲೆದೂಗಿದರು. ಅಡುಗೆಮನೆಗೆ ಬಂದವರು ಹೊಸ್ತಿಲಲ್ಲೇ ನಿಂತರು. ಮಣೆಯನ್ನು ನಾನೇ ಎತ್ತಿ ಗೋಡೆಗೆ ಒರಗಿಸಿದ್ದೆ. ಅಕ್ಕಿ ಡಬ್ಬವನ್ನೂ ಸರಿಸಿಟ್ಟಿದ್ದೆ.

"ಅಯ್ಯಯ್ಯೋ," ಅಂದಳು ಲೋಕಾಂಬಿಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು. ಕಲೆಗೆ ವಾಸನೆ ಇಲ್ಲವೆಂದು ಅವಳಿಗೂ ಗೊತ್ತು.

"ಯಾರದ್ದು ಇದು ತುಂಗಮ್ಮ?" ಅನಂತಯ್ಯ ಕೇಳಿದರು. ಅವರ ಮುಖದಲ್ಲಿ ಖುಷಿ ಹೊಳೆಯುತ್ತಿತ್ತು.

"ನಂದು. ಎಲ್ಲ ನಂದೇ."

"ಒಂದಿಷ್ಟು ಬ್ಲೀಚ್ ಹಾಕಿ ತೊಳೆಸಿದ್ರೆ ಆಗ್ತಿತ್ತಲ್ಲ?"

"ಯಾಕೆ ತೊಳೀಬೇಕು ಮಾಸ್ಟ್ರೇ? ಕೊಳೆ ಇದ್ರೆ ತೊಳೀಬೇಕು. ಬಗ್ಗಿ ಮೂಸಿ ನೋಡಿ, ಕೈಯಲ್ಲಿ ಸವರಿ ನೋಡಿ. ನಿಮ್ಮನೆ ನೀರಿನ ಹಂಡೆಗಿಂತ ಚೊಕ್ಕಟವಾಗಿದೆ."

ಅವರು ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಇರ್ಲಿ. ನಾಳೆಯಿಂದ ನಿಮ್ಮನ್ನ ಯಾರೂ ನೆಲ ನೋಡೋಕೆ ಕರೆಯಲ್ಲ, ಗೊತ್ತಾಯ್ತಲ್ಲ? ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ರಿ. ಅಂಥ ಸುಳ್ಳು ಏನಪ್ಪಾ ಹೇಳ್ತಿದ್ರಿ ಒಳಗೆ ಕೂತ್ಕೊಂಡು? ಅದನ್ನಾದ್ರೂ ಹೇಳಿ."

ವಾರಿಜ ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಬಂದವರಿಗೆ ಅಂತ ಮಾಡಿದ ಕಾಫಿಯ ತಟ್ಟೆ ಅವಳ ಕೈಯಲ್ಲಿತ್ತು. ಆವತ್ತು ಬೆಳಗಿನಿಂದ ಒಂದು ಸಲವೂ ಕೆಮ್ಮಿರಲಿಲ್ಲ. ಇವಳು ನನ್ನ ಜೀವ ಕಣ್ರೀ ಅಂತ ಹೇಳಬೇಕಿತ್ತು. ಹೇಳಲೆಂದು ಬಾಯಿ ತೆರೆದೆ ಕೂಡ. ಅಂಥ ಮಾತನ್ನು ಹುಟ್ಟಿದಂದಿನಿಂದ ಆಡಿದವಳಲ್ಲ ನಾನು, ನಾಲಿಗೆ ಹೊರಳಲಿಲ್ಲ. ಮೂವರೂ ಕಾಯುತ್ತಿದ್ದರು. ನಾನು ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡು, ನೆಲ ಇನ್ನೂ ಕೆಂಪಗಿದ್ದ ಕಡೆ ಬಂದು ಬರಿಗಾಲಲ್ಲಿ ನಿಂತೆ. ವಾರಿಜಳ ಮುಖ ನೋಡುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಇಪ್ಪತ್ತನಾಲ್ಕು ವರ್ಷ ಆಯ್ತು ಈ ಮನೆಗೆ ಬಂದು, ಇನ್ನೂ ಒಂದು ಲೋಟ ಕಾಫಿ ಮಾಡೋಕೆ ಬರಲ್ಲ ನಿಂಗೆ. ನಿನ್ನ ಕಟ್ಕೊಂಡು ನಾನೇನು ಸುಖ ಕಂಡೆ? ನೀನು ಇದ್ರೂ ಒಂದೇ, ಹೋದ್ರೂ ಒಂದೇ."

ಹೇಳಿ ಕಾಫಿ ಕುಡಿಯತೊಡಗಿದೆ. ಎಲ್ಲರ ಕಣ್ಣೂ ನನ್ನ ಪಾದದ ಮೇಲಿತ್ತು. ಲೋಟ ಅರ್ಧ ಆಗುವಷ್ಟರಲ್ಲಿ ಹಿಮ್ಮಡಿಯ ಹತ್ತಿರ ಕಪ್ಪು ಕಾಣಿಸಿತು. ಮುಗಿಯುವಷ್ಟರಲ್ಲಿ ಅದು ಬೆರಳು ದಾಟಿ, ಮೊರದಗಲ ದಾಟಿ, ಲೋಕಾಂಬಿಕೆಯ ಕಾಲಿನ ತನಕ ಹರಡಿತು. ಅವಳು ಸೀರೆ ಎತ್ತಿ ಹಿಡಿದುಕೊಂಡು ಹಿಂದೆ ಸರಿದಳು. ಅನಂತಯ್ಯ ಏನೋ ಹೇಳಲು ಹೋಗಿ, ತಾವು ಸೂರಿನ ಕೆಳಗಿರುವುದು ನೆನಪಾಗಿ ಸುಮ್ಮನಾದರು.

ವಾರಿಜ ತಟ್ಟೆ ಕೆಳಗಿಟ್ಟು ನನ್ನ ಕಾಲ ಬುಡದಲ್ಲಿ ಬಗ್ಗಿ ನೋಡಿದಳು.

"ಇವತ್ತಿಂದು ಆವತ್ತಿನದಕ್ಕಿಂತ ದೊಡ್ಡದು ಅತ್ತಿಗೆ," ಅಂದಳು.